ಅಪ್‌ಡೇಟ್: ಪಾಳಿ ಕೆಲಸ, ನಿದ್ದೆ ಇಲ್ಲ ಅಂತ ಕೇಳಿದ್ದೆನಲ್ಲ

ಆವಾಗ ಕೇಳಿದ್ದು ಇಷ್ಟು: ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮಷಿನ್) ಆಪರೇಟರ್ ಇದ್ದೀನಿ, ವಾರಕ್ಕೊಮ್ಮೆ ಪಾಳಿ ಬದಲು, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಕೆಲಸ ಬಿಡಲೇನು? ಉತ್ತರ ಕೊಟ್ಟ ಅಣ್ಣಾರು ಅಕ್ಕಾರು ಎಲ್ಲರಿಗೂ ನಮಸ್ಕಾರ.

ಕೆಲಸ ಬಿಟ್ಟಿಲ್ಲ. ನೀವು ಹೇಳಿದಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಹಗಲು ರಾತ್ರಿ ಸಿಗ್ತಾರೆ, ರೊಕ್ಕ ಕೊಡೋದಿಲ್ಲ, ಕನ್ನಡದಲ್ಲೇ ಮಾತಾಡಿದರು. ಆ ಮೇಡಂ ಉಪದೇಶ ಮಾಡಲಿಲ್ಲ. ಎಷ್ಟಕ್ಕೆ ಮಲಗ್ತೀರಿ, ಊಟ ಸೇರ್ತದೇನು, ಸಾಯಬೇಕು ಅಂತ ಅನಿಸಿದ್ದಿದೆಯಾ ಅಂತ ನೇರವಾಗಿ ಕೇಳಿದರು. ಹಾಗೆ ಯಾರೂ ನನ್ನ ಕೇಳಿರಲಿಲ್ಲ. ಅವರು ಹೇಳಿದ ಮೇಲೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಂಡೆ, ಗುಳಿಗೆ ನಡೆದಿದೆ. ವರ್ನಿಯರ್ ಹಿಡಿದು ಒಂದೇ ಅಳತೆಯನ್ನು ಮತ್ತೆ ಮತ್ತೆ ನೋಡಿದರೂ ತಲೆಗೆ ಹತ್ತುತ್ತಿರಲಿಲ್ಲ, ಅದು ಈಗ ಎಷ್ಟೋ ಕಡಿಮೆ.

ಅವ್ವ "ಹುಚ್ಚರಿಗೆ ಕೊಡೋ ಗುಳಿಗಿ ನಿನಗ್ಯಾಕೋ ತಮ್ಮಾ" ಅಂತ ಅತ್ತಳು. ಡಾಕ್ಟರ್ ಹತ್ತಿರ ಆಕೆಯನ್ನೂ ಕರ್ಕೊಂಡು ಹೋದೆ. ಈಗ ನೈಟ್ ಪಾಳಿ ಮುಗಿಸಿ ನಾ ಮಲಗಿದರೆ ಕುಕ್ಕರ್ ಸೀಟಿ ಸಹ ಹೊಡೆಸೋದಿಲ್ಲ.

ವಾರಕ್ಕೆ 48 ತಾಸು ಮೀರಿ ದುಡಿದರೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಕಾನೂನಿದೆ ಎಂದು ಒಬ್ಬರು ಬರೆದಿದ್ದಿರಿ. ಹುಡುಗರೆಲ್ಲ ಕೂಡಿ ಸೂಪರ್‌ವೈಸರ್ ಸಾಹೇಬ್ರನ್ನ ಕೇಳಿದ್ವಿ. ಪಾಳಿ ಹದಿನೈದು ದಿನಕ್ಕೊಮ್ಮೆ ಆಯ್ತು, ಓವರ್‌ಟೈಮ್ ರೊಕ್ಕದ್ದು ಇನ್ನೂ ಇತ್ಯರ್ಥ ಆಗಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟವರು ಯಾರಾದರೂ ಇದ್ದರೆ ಹೇಳ್ರಿ, ಒಬ್ಬನ ಹೆಸರು ಮುಂದೆ ಬರದಂತೆ ಹೇಗೆ ಕೊಟ್ರಿ?