ನಾಲ್ಕು ಜನರ ಊಟದ ಖರ್ಚು ಇಳಿಸಬೇಕು, ಮಂಗಳೂರು-ಉಡುಪಿಯವರು ದಾರಿ ಹೇಳಿ

ಕುಲಶೇಖರದಿಂದ:
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು, ಮಂಗಳೂರಿಗೆ ಬಂದು ಎರಡು ವರ್ಷ ಆಯಿತು. ಬಾಡಿಗೆ ಮನೆ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು. ಮಾರ್ಚ್‌ನಿಂದ ಅವರಿಗೆ ಓವರ್‌ಟೈಮ್ ನಿಂತಿದೆ. ಹೋದ ತಿಂಗಳು ಪ್ರತಿ ಖರ್ಚನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಗ್ಯಾಸ್ ಬಿಟ್ಟು 11,400 ಆಗಿದೆ. ತರಕಾರಿಗೆ 2,600, ಮೀನಿಗೆ 2,300, ತೆಂಗಿನಕಾಯಿಗೇ 1,200, ಬೇಕರಿಗೆ 1,100. ಇದನ್ನು 8,500ಕ್ಕೆ ತರಬೇಕು. ಮಕ್ಕಳ ಹಾಲು, ಮೊಟ್ಟೆ ಮಾತ್ರ ಕಡಿಮೆ ಮಾಡುವುದಿಲ್ಲ. ಪಕ್ಕದ ಮನೆಯವರು ಒಂದು ಸೌತೆಕಾಯಿಯಲ್ಲಿ ಎರಡು ದಿನ ಸಾಗಿಸುವುದನ್ನು ನೋಡಿದ್ದೇನೆ, ಹೇಗೆ ಎಂದು ಕೇಳಲು ಸಂಕೋಚ. ಮಳೆ ಹಿಡಿದರೆ ತರಕಾರಿ ಇನ್ನೂ ದುಬಾರಿ ಆಗುತ್ತದೆ, ಅದೇ ಚಿಂತೆ.

ಕಾರ್ಕಳದ ಅಕ್ಕ:
ತಂಗೀ, ಬರೆದಿಟ್ಟದ್ದು ಒಳ್ಳೆಯದಾಯಿತು, ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಯಿತಲ್ಲ. ಮೊದಲು ತೆಂಗಿನಕಾಯಿ. ಕಾಯಿ ಹಾಕಿ ರುಬ್ಬುವ ಪದಾರ್ಥ ದಿನಕ್ಕೆ ಒಂದು ಸಾಕು. ಒಂದು ಹೊತ್ತಿಗೆ ಕೊದ್ದೆಲ್ (ಕಾಯಿ ರುಬ್ಬಿ ಹಾಕಿದ ಹುಳಿ) ಮಾಡಿದರೆ ಇನ್ನೊಂದು ಹೊತ್ತಿಗೆ ಹುರುಳಿ ಸಾರೋ ಪುನರ್ಪುಳಿ (ಕೋಕಂ) ಸಾರೋ ಇರಲಿ, ಅವೆರಡಕ್ಕೂ ಕಾಯಿ ಬೇಡ. ರುಬ್ಬುವಾಗ ಒಂದು ಚಮಚ ನೆನೆಸಿದ ಅಕ್ಕಿ ಸೇರಿಸಿ, ಅರ್ಧ ಕಾಯಿಯಲ್ಲೇ ದಪ್ಪ ಬರುತ್ತದೆ.

ಹುರುಳಿಯನ್ನು ನಾವು ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಬೇಯಿಸುತ್ತೇವೆ. ಒಂದು ಲೋಟ ಹುರುಳಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಬಸಿಯಿರಿ. ಬಸಿದ ನೀರಿಗೆ ಹುಳಿ, ಉಪ್ಪು, ಚೂರು ಬೆಲ್ಲ, ಎರಡು ಹಸಿಮೆಣಸು ಹಾಕಿ ಕುದಿಸಿ. ಜಾಸ್ತಿ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಮರುದಿನ ಮತ್ತೆ ಕುದಿಸಿದರೆ ಇನ್ನೂ ರುಚಿ. ಕಾಳು ಪಲ್ಯಕ್ಕಾಯಿತು. ಉಳಿದ ಒಂದು ಹಿಡಿಯನ್ನು ಒಣಮೆಣಸಿನ ಜೊತೆ ರುಬ್ಬಿದರೆ ಗಂಜಿಗೆ ಚಟ್ನಿ.

ಇನ್ನು ನಿಮ್ಮ ಪಕ್ಕದ ಮನೆಯ ಸೌತೆ. ಅದು ನಮ್ಮ ಬಣ್ಣದ ಸೌತೆ, ಹೊರಗಿನವರು ಮಂಗಳೂರು ಸೌತೆ ಅನ್ನುತ್ತಾರೆ. ಸಿಪ್ಪೆ ತೆಗೆಯಬೇಡಿ. ಹೋಳುಗಳಿಗೆ ಹಲಸಿನ ಬೀಜ ಸೇರಿಸಿ ಹುಳಿ ಮಾಡಿ, ಬೇಳೆಯೂ ಕಡಿಮೆ ಸಾಕಾಗುತ್ತದೆ. ಒಳಗಿನ ತಿರುಳು ಮತ್ತು ಬೀಜವನ್ನು ಎಸೆಯುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಅದನ್ನು ರುಬ್ಬಿ ಸೋಸಿ ಮಜ್ಜಿಗೆ ಬೆರೆಸಿದರೆ ತಂಬುಳಿ, ಅಕ್ಕಿ ಜೊತೆ ರುಬ್ಬಿದರೆ ಮೆತ್ತಗಿನ ದೋಸೆ. ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಬಳಸಬೇಡಿ. ಚೆನ್ನಾಗಿ ಬಲಿತ, ಗಾಯ ಇಲ್ಲದ ಸೌತೆ ಈಗಲೇ ಹತ್ತು ಕೆಜಿ ತಂದು ಒಂದಕ್ಕೊಂದು ತಾಗದ ಹಾಗೆ ಗಾಳಿ ಬರುವಲ್ಲಿ ತೂಗುಹಾಕಿ. ನಮ್ಮ ಅಮ್ಮ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಪಕಾಸಿಗೆ (ಮಾಡಿನ ಮರದ ಪಟ್ಟಿಗೆ) ಸಾಲಾಗಿ ಇಳಿಬಿಡುತ್ತಿದ್ದರು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ನಮಗೆ ಸೌತೆ ಇರುತ್ತಿತ್ತು.

ಬೇಸಿಗೆಯಲ್ಲಿ ಕಲ್ಲಂಗಡಿ ತಂದರೆ ಅದರ ಬಿಳಿ ಭಾಗವನ್ನೂ ಅಕ್ಕಿ ಜೊತೆ ರುಬ್ಬಿ ದೋಸೆ ಮಾಡಿ. ನೀರು ಬೇರೆ ಹಾಕುವುದು ಬೇಡ.

ಉಡುಪಿಯಿಂದ:
ಮೀನು ನಿಲ್ಲಿಸಿದರೆ 2,300 ಪೂರ್ತಿ ಉಳಿಯಿತಲ್ಲ, ಅದು ಸುಲಭದ ದಾರಿ. ತರಕಾರಿಗೆ ಆದಿಉಡುಪಿಯ ಬುಧವಾರದ ಸಂತೆಗೆ ನಾನು ಸಂಜೆ ಹೋಗುತ್ತೇನೆ, ಅಂಗಡಿ ಮುಚ್ಚುವ ಹೊತ್ತಿಗೆ ರೇಟು ಇಳಿದಿರುತ್ತದೆ. ನಿಮ್ಮ ಹತ್ತಿರದ ಸಂತೆಯಲ್ಲೂ ನೋಡಿ.

ಮಲ್ಪೆಯಿಂದ:
ಮೀನು ನಿಲ್ಲಿಸಬೇಡಿ ಅಕ್ಕಾ, ಬೆಳೆಯುವ ಮಕ್ಕಳಿದ್ದಾರೆ. ಯಾವ ಮೀನು, ಯಾವಾಗ ಎಂದು ನೋಡಿ ತನ್ನಿ. ಅಂಜಲ್, ಪಾಂಪ್ಲೆಟ್‌ನಂಥ ದುಬಾರಿ ಮೀನು ಬಿಡಿ. ಬೂತಾಯಿ (ಸಾರ್ಡೀನ್ ಮೀನು) ರಾಶಿ ಬಿದ್ದ ದಿನ ತನ್ನಿ, ಕಡಿಮೆ ದುಡ್ಡಿಗೆ ಅಷ್ಟು ಒಳ್ಳೆಯ ಆಹಾರ ಬೇರೆ ಇಲ್ಲ. ಪುಳಿಮುಂಚಿ (ಹುಳಿ-ಮೆಣಸಿನ ಮೀನು ಸಾರು) ಮಾಡಿದರೆ ಕಾಯಿಯೂ ಬೇಡ, ಮರುದಿನಕ್ಕೆ ರುಚಿ ಏರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಹಸಿ ಮೀನಿಗೆ ಕೈ ಹಾಕಿದರೆ ದುಡ್ಡು ನೀರಿನ ಹಾಗೆ ಹೋಗುತ್ತದೆ. ಅದಕ್ಕೆ ಮೇ ಮುಗಿಯುವ ಮೊದಲೇ ಅರ್ಧ ಕೆಜಿ ಒಣ ಸಿಗಡಿ, ಸ್ವಲ್ಪ ಒಣ ನಂಗು ಮೀನು ತಂದು ಬಿಸಿಲಿಗೆ ಇನ್ನೊಮ್ಮೆ ಒಣಗಿಸಿ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ಒಂದು ಹಿಡಿ ಸಿಗಡಿ ಹುರಿದು ಚಟ್ನಿ ಮಾಡಿದರೆ ಕುಚಲಕ್ಕಿ (ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ) ಗಂಜಿಗೆ ನಾಲ್ಕು ಜನರಿಗೆ ಸಾಕು. ನಮ್ಮ ಮನೆಯಲ್ಲಿ ಅಪ್ಪ ದೋಣಿಯನ್ನು ದಡಕ್ಕೆ ಕಟ್ಟಿಟ್ಟ ಎರಡು ತಿಂಗಳು ಹೀಗೇ ಉಂಡು ಬೆಳೆದವರು ನಾವು.

ಪುತ್ತೂರು ರಸ್ತೆ:
ಗ್ಯಾಸ್ ಬಗ್ಗೆ ಯಾರೂ ಹೇಳಲಿಲ್ಲ. ಕುಚಲಕ್ಕಿಯನ್ನು ಕುಕ್ಕರಿನಲ್ಲಿ ಒಂದು ವಿಸಿಲ್ ಬರಿಸಿ ಒಲೆ ಆರಿಸಿ, ಒಂದು ಗಂಟೆ ಮುಚ್ಚಿಯೇ ಬಿಡಿ, ಆಮೇಲೆ ಮತ್ತೊಂದು ವಿಸಿಲ್. ಬಸಿದ ಗಂಜಿನೀರು ಚೆಲ್ಲಬೇಡಿ, ಉಪ್ಪು ಹಾಕಿ ಮಕ್ಕಳಿಗೆ ಕೊಡಿ. ರೇಷನ್‌ನ ಬೆಳ್ತಿಗೆ (ಬಿಳಿ) ಅಕ್ಕಿ ನೀರ್‌ದೋಸೆಗೆ ಆಗುತ್ತದೆ, ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ಸಂಜೆಗೆ ಬೇಕರಿ ಬದಲು ಅವಲಕ್ಕಿಗೆ ಬೆಲ್ಲ, ಸ್ವಲ್ಪ ಕಾಯಿತುರಿ. ಬಸಳೆ ಕಟ್ಟು ತಂದಾಗ ಬುಡದ ದಂಟನ್ನು ಒಂದು ಹಳೆ ಬಕೆಟ್ಟಿನಲ್ಲಿ ಊರಿ, ಮಳೆಗೆ ತಾನಾಗಿ ಹಬ್ಬುತ್ತದೆ.

ಕುಲಶೇಖರದಿಂದ:
ನಿಮಗೆಲ್ಲ ಎಷ್ಟು ಹೇಳಿದರೂ ಕಡಿಮೆ. ನಿನ್ನೆಯೇ ಹುರುಳಿ ಮಾಡಿದೆ. ನಮ್ಮ ಕಡೆ ಹುರುಳಿ ಗೊತ್ತು, ಆದರೆ ಬಸಿದ ಸಾರಿಗೆ ಬೆಲ್ಲ ಹಾಕಿ ಗೊತ್ತಿರಲಿಲ್ಲ. ಚಿಕ್ಕವಳು ಎರಡು ಸಲ ಬಡಿಸಿಕೊಂಡಳು. ಪಕ್ಕದ ಮನೆಯವರಿಗೂ ಒಂದು ಬಟ್ಟಲು ಕೊಟ್ಟೆ, ಅವರು ಬಟ್ಟಲು ತುಂಬ ಹಲಸಿನ ಬೀಜ ಹಾಕಿ ವಾಪಸ್ ಕೊಟ್ಟರು. ಭಾನುವಾರ ಸೌತೆ ತರುತ್ತೇವೆ. ಅಕ್ಕಾ, ನಮ್ಮದು ತಾರಸಿ ಮನೆ, ಪಕಾಸೂ ಇಲ್ಲ, ಬಾಳೆನಾರೂ ಇಲ್ಲ. ಎಲ್ಲಿ ಕಟ್ಟಲಿ?

ಕಾರ್ಕಳದ ಅಕ್ಕ:
ಹಳೆ ಸೀರೆಯ ಅಂಚು ಹರಿದು ಕಟ್ಟಿ, ಪ್ಲಾಸ್ಟಿಕ್ ಹಗ್ಗ ತೊಟ್ಟನ್ನು ಕೊಯ್ಯುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕಂಬಿ ಇದ್ದರೆ ಅದಕ್ಕೇ ಸಾಕು, ಎರಚಲು ಮಾತ್ರ ಬೀಳಬಾರದು. ವಾರಕ್ಕೊಮ್ಮೆ ಮುಟ್ಟಿ ನೋಡಿ, ಮೆತ್ತಗಾದದ್ದು ಕಂಡರೆ ಅದನ್ನೇ ಮೊದಲು ಅಡುಗೆಗೆ ತೆಗೆಯಿರಿ.