‘ಥ್ರೂ ದಿ ಆಲಿವ್ ಟ್ರೀಸ್’: ತಾಹೆರೆಯ ಮೌನವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ:
ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿಯವರ 1994ರ ಈ ಚಿತ್ರವನ್ನು ನಿನ್ನೆ ಎರಡನೆಯ ಬಾರಿ ನೋಡಿದೆ. ಭೂಕಂಪದಿಂದ ನಲುಗಿದ ಊರಿಗೆ ಚಿತ್ರತಂಡವೊಂದು ಬರುತ್ತದೆ. ಗಾರೆ ಕೆಲಸ ಮಾಡುತ್ತಿದ್ದ ಹುಸೇನ್ ಮತ್ತು ಅವನು ಮದುವೆಯಾಗಲು ಹಂಬಲಿಸುವ ತಾಹೆರೆ ಅದರಲ್ಲಿ ಗಂಡ ಹೆಂಡಿರಾಗಿ ನಟಿಸಬೇಕಾಗುತ್ತದೆ. ಕ್ಯಾಮೆರಾದ ಮುಂದೆ ಮಾತನಾಡುವ ತಾಹೆರೆ, ಅದು ನಿಂತೊಡನೆ ಅವನಿಗೆ ಒಂದು ಮಾತಿನ ಉತ್ತರವನ್ನೂ ಕೊಡುವುದಿಲ್ಲ. ಇದನ್ನು ನಿರಾಕರಣೆ ಎನ್ನಬೇಕೇ? ಸಿನಿಮಾದೊಳಗೆ ಸಿನಿಮಾ ಎಂಬ ತಂತ್ರ ಈ ಪ್ರೇಮಕ್ಕೆ ನಿಜಕ್ಕೂ ಬೇಕಿತ್ತೇ?

ಮೊದಲ ಉತ್ತರ:
ಖಂಡಿತ ಬೇಕಿತ್ತು. ಮನೆಯಿಲ್ಲ, ಓದುಬರಹವಿಲ್ಲ ಎಂದು ತಾಹೆರೆಯ ಅಜ್ಜಿ ಹುಸೇನನನ್ನು ಒಪ್ಪಿಲ್ಲ. ಅವಳ ಪಕ್ಕದಲ್ಲಿ ಕುಳಿತು ಮಾತನಾಡಲು ಅವನಿಗೆ ಊರಿನಲ್ಲಿ ಬೇರೆ ಅವಕಾಶವೇ ಇಲ್ಲ. ಒಂದು ಟೇಕ್ ಕೆಟ್ಟು ಇನ್ನೊಂದಕ್ಕೆ ಸಿದ್ಧತೆ ನಡೆಯುವ ಆ ಬಿಡುವಿನಲ್ಲೇ ಅವನು ತನ್ನ ಮನಸ್ಸನ್ನು ತೋಡಿಕೊಳ್ಳುತ್ತಾನೆ. ಪಾತ್ರದಲ್ಲಿ ಹೆಂಡತಿಯ ಮೇಲೆ ಕಾಲುಚೀಲಕ್ಕಾಗಿ ರೇಗುವವನು, ದೃಶ್ಯ ಮುಗಿದೊಡನೆ, ನಿಜವಾದ ಸಂಸಾರದಲ್ಲಿ ತಾನು ಹಾಗೆ ನಡೆದುಕೊಳ್ಳುವವನಲ್ಲ ಎಂದು ಅವಳಿಗೆ ಮನಗಾಣಿಸಲು ಪಡುವ ಪಾಡನ್ನು ಕಂಡಾಗ ನನಗೆ ಗಂಟಲು ಕಟ್ಟಿತು.

ಎರಡನೆಯ ಉತ್ತರ:
ಮೌನವೊಂದನ್ನೇ ನೋಡಿದರೆ ಸಾಲದು, ಅವಳು ಆಡಲೊಪ್ಪದ ಮಾತನ್ನೂ ಗಮನಿಸಬೇಕು. ಗಂಡನನ್ನು ‘ಹುಸೇನ್ ಆಘಾ’ (‘ಆಘಾ’ ಗಂಡಸರ ಹೆಸರಿಗೆ ಸೇರಿಸುವ ಗೌರವದ ಪದ) ಎಂದು ಕರೆಯಬೇಕೆಂದು ನಿರ್ದೇಶಕರು ಎಷ್ಟು ಬಾರಿ ಹೇಳಿದರೂ ಅವಳು ಬರಿಯ ‘ಹುಸೇನ್’ ಎನ್ನುತ್ತಾಳೆ. ಹೆಸರು ಹಿಡಿಯದೆ ‘ರೀ’ ಎಂದು ಗಂಡನನ್ನು ಕರೆಯುವ ಮನೆಗಳಲ್ಲಿ ಬೆಳೆದ ನಮಗೆ ಆ ಒಂದು ಪದದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಸೇನನೂ ಅಷ್ಟೇ: ಭೂಕಂಪದಲ್ಲಿ 65 ಮಂದಿ ಬಂಧುಗಳು ತೀರಿಕೊಂಡರೆಂದು ಹೇಳಬೇಕಾದಲ್ಲಿ, ತಾನು ನಿಜವಾಗಿ ಕಳೆದುಕೊಂಡ 25 ಮಂದಿಯ ಲೆಕ್ಕವನ್ನೇ ಹೇಳುತ್ತಾನೆ. 1990ರ ಜೂನ್‌ನಲ್ಲಿ ಉತ್ತರ ಇರಾನಿನ ಗೀಲಾನ್ ಸೀಮೆಯನ್ನು ನೆಲಸಮ ಮಾಡಿದ ಭೂಕಂಪವದು. ಬರೆದುಕೊಟ್ಟ ಸಂಖ್ಯೆ ಅವನ ಬಾಯಿಗೆ ಬಾರದು. ಚಿತ್ರಕಥೆಗೆ ಮಣಿಯದ ಈ ಇಬ್ಬರು ಒಂದೇ ಜಾಯಮಾನದವರೆಂದು ನನಗೆ ತೋರುತ್ತದೆ.

ಮೂರನೆಯ ಉತ್ತರ:
ಕೊನೆಯ ಶಾಟನ್ನು ದಯವಿಟ್ಟು ದೊಡ್ಡ ಪರದೆಯ ಮೇಲೆ ನೋಡಿ. ಆಲಿವ್ ತೋಪನ್ನು ದಾಟಿ ಹಸಿರು ಬಯಲಿಗಿಳಿದ ಇಬ್ಬರೂ ಎರಡು ಬಿಳಿ ಚುಕ್ಕೆಗಳಷ್ಟೇ ಆಗುತ್ತಾರೆ. ಒಂದು ಚುಕ್ಕೆ ಇನ್ನೊಂದನ್ನು ಸಮೀಪಿಸುತ್ತದೆ, ಇಟಲಿಯ ಸಂಗೀತಕಾರ ಚಿಮರೋಸಾ ಅವರ ಓಬೋ ಎಂಬ ಊದುವಾದ್ಯದ ಸಂಗೀತ ಕೇಳಿಬರುತ್ತದೆ, ಬಳಿಕ ಒಂದು ಚುಕ್ಕೆ ಹಿಂದಕ್ಕೆ ಓಡೋಡಿ ಬರುತ್ತದೆ. ಅವಳು ಕಡೆಗೂ ಬಾಯಿ ತೆರೆದಿದ್ದರೆ ಆ ಮಾತು ಹುಸೇನನೊಬ್ಬನಿಗೆ ಸೇರಿದ್ದು. ಅದು ನಮ್ಮ ಕಿವಿಗೆ ಬೀಳದಷ್ಟು ದೂರದಲ್ಲಿ ಕ್ಯಾಮೆರಾ ನಿಂತಿರುವುದನ್ನು ನಾನು ಆ ಹುಡುಗಿಗೆ ತೋರಿದ ಗೌರವವೆಂದೇ ಭಾವಿಸುತ್ತೇನೆ.