‘ಅಗ್ರೆಸಿವ್ ಡೆಕ್’ ಅನ್ನಲು ‘ಬಿರುಸಿನ ಕಟ್ಟು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಮಗ ಮತ್ತು ಅವನ ಮೂವರು ಗೆಳೆಯರು ಒಂದು ವರ್ಷದಿಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಡುತ್ತಿದ್ದಾರೆ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಕಾರ್ಡ್ ಆಟ ಇದು. ಸಂಗ್ರಹದಲ್ಲಿರುವ ಕಾರ್ಡುಗಳಿಂದ ಆರಿಸಿ, ಕಡಿಮೆ ಅಂದರೂ 60 ಕಾರ್ಡಿನ ಡೆಕ್ ಕಟ್ಟಿಕೊಂಡು ಬರಬೇಕು. ಶುರುವಿಗೆ ಇಬ್ಬರಿಗೂ 20 ಜೀವ. ಯಾರದು ಮೊದಲು ಸೊನ್ನೆಗೆ ಇಳಿಯುತ್ತದೋ ಅವರು ಸೋತಂತೆ.

ಹುಡುಗರು ಕನ್ನಡ ಮಾಧ್ಯಮದಲ್ಲಿ ಓದುವವರು. ತಂಗಿಯ ಮಗನದು ಜಾಸ್ತಿ ದುಡ್ಡು ಸುರಿಯದ ಕೆಂಪು ಡೆಕ್. ಅದನ್ನು ಇನ್ನೂ ಚೆನ್ನಾಗಿ ಮಾಡಿಕೊಳ್ಳುವುದು ಹೇಗೆ ಅಂತ ನಾಲ್ಕು ಪುಟ ಬರೆದುಕೊಡೋಣ ಅಂತ ಕೂತೆ. ಎರಡನೇ ಸಾಲಿನಲ್ಲೇ ಪೆನ್ನು ನಿಂತಿತು. ‘ಅಗ್ರೆಸಿವ್ ಡೆಕ್’ ಅನ್ನುವುದನ್ನು ಏನಂತ ಬರೆಯಲಿ?

ಡೆಕ್ ಅನ್ನುವುದಕ್ಕೆ ಕಷ್ಟವಿಲ್ಲ. ನಮ್ಮ ಮನೆಯಲ್ಲಿ ಇಸ್ಪೀಟಿಗೆ ಕೂತವರು ಯಾವಾಗಲೂ ‘ಕಟ್ಟು’ ಅಂತಲೇ ಅನ್ನುತ್ತಿದ್ದರು. ಕಾರ್ಡಿಗೆ ಎಲೆ. ಎಲೆ ಕಲಸು, ಎಲೆ ಹಂಚು, ಎಲೆ ಎತ್ತು, ಈ ಸಲ ಕೈ ಚೆನ್ನಾಗಿದೆ. ಅರ್ಧ ಆಟಕ್ಕೆ ಬೇಕಾದ ಮಾತು ಇಲ್ಲೇ ಸಿಕ್ಕಿಬಿಟ್ಟಿತು. ಒಂದೇ ಎಚ್ಚರಿಕೆ ಬೇಕು. ಬರೀ ‘ಎಲೆ ಕಟ್ಟು’ ಅಂದರೆ ವೀಳ್ಯದೆಲೆಯ ಕಟ್ಟು ಕಣ್ಣಮುಂದೆ ಬರುತ್ತದೆ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಬಳಸುತ್ತಿಲ್ಲ.

ಕಷ್ಟ ಇರುವುದು ‘ಅಗ್ರೆಸಿವ್’ನಲ್ಲಿ. ನಿಘಂಟು ‘ಆಕ್ರಮಣಕಾರಿ’ ಅನ್ನುತ್ತದೆ. ಕ್ರಿಕೆಟ್ ವರದಿಯಲ್ಲಿ ಅದು ಒಪ್ಪುತ್ತದೆ, ಯಾಕೆಂದರೆ ಅಲ್ಲಿ ಬ್ಯಾಟು ಹಿಡಿದವನ ಮನೋಭಾವದ ಮಾತು ಬರುತ್ತದೆ. ಇಲ್ಲಿ ಅದು ಎಲೆಗಳ ಲೆಕ್ಕಾಚಾರ. ‘ದಾಳಿ ಕಟ್ಟು’ ಅಂದುನೋಡಿದೆ. ನಮ್ಮ ಪತ್ರಿಕೆಗಳಲ್ಲಿ ‘ಇಸ್ಪೀಟು ಅಡ್ಡೆ ಮೇಲೆ ದಾಳಿ’ ಅನ್ನುವ ಸುದ್ದಿ ಎಷ್ಟು ಸಲ ಓದಿಲ್ಲ ಹೇಳಿ. ಎಲೆಯ ಪಕ್ಕ ದಾಳಿ ಬಂದ ಕೂಡಲೇ ಪೊಲೀಸರು ನೆನಪಾಗುತ್ತಾರೆ. ಆಟಗಾರರು ಇಂಗ್ಲಿಷಿನಲ್ಲಿ ಚಿಕ್ಕದಾಗಿ ‘ಅಗ್ರೋ’ ಅನ್ನುತ್ತಾರೆ. ಅದನ್ನೇ ಇಟ್ಟುಕೊಳ್ಳೋಣ ಅಂದರೆ, ನಮ್ಮೂರಿನ ಗೊಬ್ಬರದ ಅಂಗಡಿಗಳ ಬೋರ್ಡಿನ ಮೇಲೆಲ್ಲ ‘ಅಗ್ರೋ’ ಇದೆ.

ಪದ ಹುಡುಕುವ ಮೊದಲು, ಈ ಕಟ್ಟು ಏನು ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪದ ಅಲ್ಲಿಂದಲೇ ಬರಬೇಕು ಅಲ್ವಾ?

ಕೆಂಪು ಕಟ್ಟಿನ ಹಳೆಯ ಎಲೆ ‘ಲೈಟ್ನಿಂಗ್ ಬೋಲ್ಟ್’. ಮೊದಲ ವರ್ಷದಿಂದಲೂ ಇದೆ. ‘ಮಾನಾ’ ಅಂದರೆ ಎಲೆ ಆಡಲು ತೆರಬೇಕಾದ ಶಕ್ತಿ. ಒಂದೇ ಒಂದು ಕೆಂಪು ಮಾನಾ ಕೊಟ್ಟರೆ ಮೂರು ಪೆಟ್ಟು. ಏಳು ಸಲ ಹಾಗೆ ಬಿದ್ದರೆ 21, ಎದುರಾಳಿಯ 20 ಜೀವ ಮುಗಿಯಿತು. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಬಾರದು ಅನ್ನುವ ನಿಯಮವಿದೆ. ಆದ್ದರಿಂದ ‘ಲಾವಾ ಸ್ಪೈಕ್’ನಂಥ ಅದೇ ಬೆಲೆಯ, ಅದೇ ಪೆಟ್ಟಿನ ಎಲೆಗಳನ್ನು ಜೊತೆಗೆ ಸೇರಿಸುತ್ತಾರೆ. ಎದುರಾಳಿ ತನ್ನ ದೊಡ್ಡ ಎಲೆಗಳನ್ನು ಇಳಿಸುವ ಹೊತ್ತಿಗೆ ಆಟ ಮುಗಿದಿರಬೇಕು. ಮುಗಿಯದಿದ್ದರೆ ಕೈ ಖಾಲಿ, ಉಸಿರೂ ಖಾಲಿ. ಆಮೇಲೆ ಗೆಲ್ಲುವುದು ಬಹಳ ಕಷ್ಟ.

‘ಫೈರ್‌ಬ್ಲಾಸ್ಟ್’ ಅಂತ ಇನ್ನೊಂದು ಎಲೆ ಇದೆ. ಅದರ ಬೆಲೆ ಕೊಡುವ ಬದಲು ನಮ್ಮದೇ ಎರಡು ಬೆಟ್ಟಗಳನ್ನು ಕಳೆದುಕೊಂಡು ನಾಲ್ಕು ಪೆಟ್ಟು ಹಾಕಬಹುದು. ಬೆಟ್ಟ ಅಂದರೆ ಮಾನಾ ಕೊಡುವ ನೆಲದ ಎಲೆ, ನಾಲ್ಕೇ ಇರಬೇಕು ಅನ್ನುವ ನಿಯಮ ಇದಕ್ಕಿಲ್ಲ. ನಾಳೆಗೆ ಅಂತ ಏನನ್ನೂ ಉಳಿಸಿಕೊಳ್ಳದೆ ಇದ್ದದ್ದನ್ನೆಲ್ಲ ಇವತ್ತೇ ಉರಿಸುವ ಕಟ್ಟು ಇದು.

ಇದನ್ನು ಬರೆಯುವಾಗ ‘ಬಿರುಸು’ ಹೊಳೆಯಿತು. ಬಿರುಸಿನ ಮಳೆ, ಬಿರುಸಿನ ಮತದಾನ ಅನ್ನುತ್ತೇವೆ. ಅಲ್ಲಿ ವೇಗವೂ ಇದೆ, ರಭಸವೂ ಇದೆ. ಸಿಟ್ಟು ಇಲ್ಲ. ಜೊತೆಗೆ ಬಾಣಬಿರುಸು ಇದೆಯಲ್ಲ, ಜಾತ್ರೆಯಲ್ಲಿ ಹಚ್ಚುವುದು! ಹಚ್ಚಿದ ಕೂಡಲೇ ಭರ್ರನೆ ಉರಿದು, ಮೇಲೆ ಹೋಗಿ, ಮುಗಿದೇ ಹೋಗುತ್ತದೆ. ಈ ಕಟ್ಟಿನ ಬಲ, ದೌರ್ಬಲ್ಯ ಎರಡೂ ಆ ಒಂದು ಪದದೊಳಗೆ ಕೂತಿವೆ ಅಂತ ನನಗೆ ಅನ್ನಿಸಿತು. ಇಂಗ್ಲಿಷ್ ಪದದಲ್ಲೂ ಬೇಗ ಮುಗಿದುಹೋಗುವ ಆ ಅರ್ಥ ಇಲ್ಲ.

ಇಂಗ್ಲಿಷಿನವರಿಗೂ ಈ ಪದ ಸುಲಭಕ್ಕೆ ಸಿಕ್ಕಿದ್ದಲ್ಲ. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಪಾಲ್ ಸ್ಲೈ ಅನ್ನುವ ಆಟಗಾರ, ಜೇ ಶ್ನೈಡರ್ ರೂಪಿಸಿದ ಕೆಂಪು ಕಟ್ಟು ಹಿಡಿದು ಒಂದು ಅರ್ಹತಾ ಪಂದ್ಯಾವಳಿಯಲ್ಲಿ ಎರಡನೆಯವರಾದರು. ಅದರಲ್ಲಿ ಬೇರೆಯವರು ಕೈಯಲ್ಲೂ ಮುಟ್ಟದ ಅಗ್ಗದ ಎಲೆಗಳೇ ತುಂಬಿದ್ದವು. ಎಷ್ಟನೇ ಸರದಿಯಲ್ಲಿ ಎಷ್ಟು ಮಾನಾ ಕೈಯಲ್ಲಿರುತ್ತದೆ ಅಂತ ಲೆಕ್ಕ ಹಾಕಿ ಜೋಡಿಸಿದ್ದರು. ಬಹಳ ಕಾಲ ಇಂಥ ಕಟ್ಟಿಗೆ ‘ಸ್ಲೈ’ ಅಂತಲೇ ಹೆಸರಿತ್ತು.

ಇನ್ನು, ಜಾಸ್ತಿ ದುಡ್ಡು ಸುರಿಯದ ಡೆಕ್ಕಿಗೆ ಇಂಗ್ಲಿಷಿನಲ್ಲಿ ಅನ್ನುವ ‘ಬಜೆಟ್ ಡೆಕ್’. ನಮ್ಮಲ್ಲಿ ಬಜೆಟ್ ಅಂದರೆ ಸರ್ಕಾರ ಮಂಡಿಸುವುದೇ ಮೊದಲು ನೆನಪಾಗುತ್ತದೆ. ‘ಅಗ್ಗದ ಕಟ್ಟು’ ಅಂದರೆ ಕಳಪೆ ಅನ್ನಿಸುತ್ತದೆ. ‘ಕಮ್ಮಿ ಖರ್ಚಿನ’ ಅಂತ ಬರೆದು ಮುಂದೆ ಹೋದೆ. ಇಲ್ಲೊಂದು ಖುಷಿಯ ವಿಷಯ ಸಿಕ್ಕಿತು. ಸುಲಭವಾಗಿ ಸಿಗುವ ‘ಕಾಮನ್’ ಎಲೆಗಳನ್ನು ಮಾತ್ರ ಬಳಸಿ ಆಡುವ ಒಂದು ಬಗೆಗೆ ‘ಪಾಪರ್’ ಅಂತ ಹೆಸರು. ನಮ್ಮ ‘ಪಾಪರ್ ಚೀಟಿ’ಯ ಪಾಪರ್ ಅದೇ ಪದ. ಹುಡುಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

‘ಇಂಪ್ರೂವ್’ ಅನ್ನುವುದಕ್ಕೆ ಮೊದಲು ‘ಸುಧಾರಿಸುವುದು’ ಅಂತ ಹಾಕಿದ್ದೆ. ಆಮೇಲೆ ಹೊಡೆದುಹಾಕಿದೆ. ಜ್ವರ ಬಂದವರು ಸುಧಾರಿಸಿಕೊಳ್ಳುತ್ತಾರೆ. ಕಮ್ಮಿ ಖರ್ಚಿನ ಕಟ್ಟಿಗೆ ಮಾಡಬೇಕಾದ ಕೆಲಸ ಬೇರೆ, ಬೇಡದ್ದನ್ನು ತೆಗೆಯುವುದು. ನಮ್ಮ ಹುಡುಗನ ಕಟ್ಟಿನಲ್ಲಿ 24 ಬೆಟ್ಟ ಇದ್ದವು. ಕೈಗೆ ಬರುವ ಮೊದಲ ಏಳು ಎಲೆಯಲ್ಲಿ ಸರಾಸರಿ 2.8 ಬೆಟ್ಟವೇ ಆಯಿತು. ಒಂದು ಮಾನಾದ ಎಲೆಗಳ ಕಟ್ಟಿಗೆ ಅಷ್ಟು ಯಾಕೆ? 19ಕ್ಕೆ ಇಳಿಸಿದರೆ 2.2 ಬರುತ್ತದೆ. ಐದು ಮಾನಾ ಕೇಳುವ ಡ್ರ್ಯಾಗನ್ನನ್ನೂ ತೆಗೆಸಿದೆ, ಅವನಿಗೆ ಬಹಳ ಬೇಜಾರಾಯಿತು. ಅವನ ಹತ್ತಿರ ಒಂದೊಂದೇ ಪ್ರತಿ ಇದ್ದ ಎಲೆಗಳೂ ಜಾಸ್ತಿ. ಒಂದೇ ಪ್ರತಿ ಇದ್ದರೆ ಅದು ಮೊದಲ ಕೈಯಲ್ಲಿ ಬರುವ ಸಾಧ್ಯತೆ ನೂರಕ್ಕೆ 12ರಷ್ಟು. ನಾಲ್ಕಿದ್ದರೆ ಒಂದಾದರೂ ಬರುವ ಸಾಧ್ಯತೆ 40ರಷ್ಟು. ಈ ಕೆಲಸಕ್ಕೆಲ್ಲ ‘ಕಳೆ ಕೀಳುವುದು’ ಅಂತ ಹೆಸರಿಟ್ಟೆ. ಹೊಲದ ಮನೆಯ ಹುಡುಗ, ಥಟ್ಟನೆ ಹಿಡಿದುಕೊಂಡ.

ಅವನೇ ಇನ್ನೆರಡು ಪದ ಕೊಟ್ಟ. ನೆಲದ ಎಲೆ ಬಾರದೇ ಒದ್ದಾಡಿದರೆ ‘ಬರ’. ಬರೀ ನೆಲವೇ ಬಂದರೆ ‘ನೆರೆ’. ನಾನು ಎಷ್ಟು ಯೋಚಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಸುಡುವ ಎಲೆಗಳಿಗೆ ‘ಬರೆ’ ಅಂತ ನಾನು ಇಟ್ಟೆ, ಬರೆ ಎಳೆಯುವುದು ಅನ್ನುತ್ತೇವಲ್ಲ, ಹಾಗೆ.

ನಿಮ್ಮಿಂದ ಬೇಕಾದದ್ದು ಇಷ್ಟು.

‘ಬಿರುಸು’ ನಿಮ್ಮ ಕಡೆ ಹೇಗೆ ಕೇಳಿಸುತ್ತದೆ? ಗಡುಸು, ಒರಟು ಅನ್ನುವ ಅರ್ಥವೇ ಮೊದಲು ಬರುತ್ತದೆಯೇ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ. ಹಾಗಾದರೆ ಪದ ಬದಲಿಸಲು ನಾನು ಸಿದ್ಧ.

‘ಮಾನಾ’ವನ್ನು ಹಾಗೇ ಇಟ್ಟಿದ್ದೇನೆ. ಆದರೆ ಹುಡುಗರು ಆಡುವಾಗ ಕೊನೆಯ ದೀರ್ಘ ಬಿಟ್ಟುಹೋಗಿ ‘ಎರಡು ಮಾನ ಕೊಟ್ಟೆ’, ‘ಮಾನ ಎಲ್ಲ ಹೋಯ್ತು’ ಅಂತ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಕೂತ ಅಜ್ಜಿ ಗಾಬರಿಯಾಗಿ ಎದ್ದು ಬಂದಿದ್ದರು. ‘ಕಸುವು’ ಅನ್ನಬಹುದೇ?

ಕೊನೆಯದು ನನಗೆ ನಿಜಕ್ಕೂ ಬಿಡಿಸಲಾಗದ್ದು. ಎಲೆಯನ್ನು ಬಳಸಿದ ಗುರುತಿಗೆ ಅಡ್ಡಡ್ಡ ತಿರುಗಿಸಿಡುತ್ತಾರೆ, ಅದಕ್ಕೆ ‘ಟ್ಯಾಪ್’ ಅಂತ ಹೆಸರು. ಎದುರಾಳಿಯ ಹೊಡೆತಕ್ಕೆ ನಮ್ಮ ಎಲೆಯನ್ನು ಒಡ್ಡುವುದು ‘ಬ್ಲಾಕ್’. ಕನ್ನಡದಲ್ಲಿ ಎರಡಕ್ಕೂ ‘ಅಡ್ಡ ಹಾಕು’ ಅಂತಲೇ ಬಾಯಿಗೆ ಬರುತ್ತದೆ. ಅದೂ ಅಡ್ಡ ತಿರುಗಿಸಿದ ಎಲೆಯನ್ನು ಅಡ್ಡ ಹಾಕುವಂತಿಲ್ಲ ಅನ್ನುವುದು ಆಟದ ನಿಯಮ! ಬ್ಲಾಕಿಗೆ ‘ತಡೆ’ ಅಂದರೆ ಸರಿಹೋಗಬಹುದು. ಟ್ಯಾಪಿಗೆ ‘ಮಲಗಿಸು’ ಅಂತ ಹುಡುಗರು ಅನ್ನುತ್ತಿದ್ದಾರೆ, ಮುಂದಿನ ಸರದಿಗೆ ‘ಎಬ್ಬಿಸು’. ನನಗೆ ಇಷ್ಟವಾಗಿದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಭಾನುವಾರದೊಳಗೆ ಬರೆಯಿರಿ, ಅವತ್ತು ಪುಟಗಳನ್ನು ಅವರ ಕೈಗೆ ಕೊಡಬೇಕು.